ಕೈ ಮಗ್ಗದ ಮೇಲೆ, ಕಿವಿ ಆಟದ ಮೇಲೆ

ಕೈಯೂ ಕಣ್ಣೂ ಕೆಲಸಕ್ಕೆ ಕಟ್ಟುಬಿದ್ದಿರುವ ಜನಕ್ಕೆ ರೇಡಿಯೊದಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಅಂಥವರು ಬೀದಿಬೀದಿಗೂ ಸಿಗುತ್ತಾರೆ. ಸಿರುಮುಗೈಯಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತ ನೇಕಾರರು ಎಳೆಯಿಂದ ಕಣ್ಣು ಎತ್ತುವಂತಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಓವರ್‌ಲಾಕ್, ಫ್ಲಾಟ್‌ಲಾಕ್ ಮಿಷನ್ನಿನ ಮುಂದೆ ಕೂತ ಟೈಲರ್‌ಗಳು ಸೂಜಿಯಿಂದ ನೋಟ ತಪ್ಪಿಸಿದರೆ ಬೆರಳಿಗೇ ಅಪಾಯ. ಕೊಯಮತ್ತೂರಿನ ಗಣಪತಿ ಬಡಾವಣೆಯ ಲೇತ್ ವರ್ಕ್‌ಶಾಪ್‌ಗಳಲ್ಲೂ ಹಾಗೆಯೇ. ಇವರೆಲ್ಲರ ಮಕ್ಕಳು ಕಾಲೇಜು ತಂಡಗಳಲ್ಲಿ ಬ್ಯಾಸ್ಕೆಟ್‌ಬಾಲ್, ಕಬಡ್ಡಿ, ವಾಲಿಬಾಲ್, ಬಾಲ್ ಬ್ಯಾಡ್ಮಿಂಟನ್ ಆಡುತ್ತಾರೆ. ಆಟ ನಡೆಯುವುದು ಅಪ್ಪ ಅಮ್ಮ ಕೆಲಸದಲ್ಲಿರುವ ಹೊತ್ತಿಗೆ. ಟಿ.ವಿ.ಯವರ ಕ್ಯಾಮೆರಾ ಆ ಕಡೆ ತಿರುಗುವುದಿಲ್ಲ. ಆ ಆಟವನ್ನು ಅವರ ಕಿವಿಗೆ ಮುಟ್ಟಿಸುವುದು ನನ್ನ ಕೆಲಸ.

ನಾನು ಸಿರುಮುಗೈಯ ದೇವಾಂಗರ ಮನೆಯವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ತಮಿಳು. ಅಪ್ಪ ಕೋರಾ ಸೀರೆ ನೇಯುತ್ತಿದ್ದರು. ಮಗ್ಗದ ಪಕ್ಕದ ಗೋಡೆಯ ಮೊಳೆಗೆ ಒಂದು ಟ್ರಾನ್ಸಿಸ್ಟರ್ ತೂಗುತ್ತಿತ್ತು. ಚೆನ್ನೈಯ ಚೆಪಾಕ್‌ನಲ್ಲಿ ಟೆಸ್ಟ್ ಪಂದ್ಯ ನಡೆದರೆ ಆಕಾಶವಾಣಿಯಲ್ಲಿ ಅಬ್ದುಲ್ ಜಬ್ಬಾರ್, ರಾಮಮೂರ್ತಿ, ಕೂತ್ತಪಿರಾನ್ ಅವರ ತಮಿಳು ವಿವರಣೆ ಬರುತ್ತಿತ್ತು. ಅಪ್ಪ ಚೆಪಾಕ್ ಮೈದಾನವನ್ನು ಕಣ್ಣಾರೆ ಕಂಡವರಲ್ಲ. ಆದರೂ ಅಣ್ಣಾ ಪೆವಿಲಿಯನ್ ಯಾವ ಕಡೆ, ಪಟ್ಟಾಭಿರಾಮನ್ ಗೇಟ್ ಯಾವ ಕಡೆ, ಸ್ಪಿನ್ನರ್ ಯಾವ ಕೊನೆಯಿಂದ ಬರುತ್ತಾನೆ ಎಂದೆಲ್ಲ ಲಾಳಿ ಹಾಯಿಸುತ್ತಲೇ ಹೇಳುತ್ತಿದ್ದರು. ಮಾತಿನಿಂದಲೇ ಒಂದು ಮೈದಾನವನ್ನು ಕಟ್ಟಿಕೊಡಬಹುದು ಎಂದು ನನಗೆ ಅಲ್ಲಿಯೇ ಗೊತ್ತಾಯಿತು.

ಕೊಯಮತ್ತೂರಿನಲ್ಲಿ ಡಿಗ್ರಿ ಓದುವಾಗ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಸ್ಕೋರ್ ಬರೆಯುವ ಮೇಜಿನ ಮುಂದೆ ಕೂತೆ. ಅಲ್ಲಿಂದ ಅಂಗಳದ ಮೈಕು ಕೈಗೆ ಬಂತು. ಮೈಕಿನಿಂದ ಸಮುದಾಯ ರೇಡಿಯೊದ ಸ್ಟುಡಿಯೊಗೆ ಹೋದೆ. ಈಗ ವಾಸ ಅವಿನಾಶಿಯಲ್ಲಿ. ಹಗಲಿಗೆ ತಿರುಪ್ಪೂರಿನ ಒಂದು ರಫ್ತು ಕಂಪನಿಯಲ್ಲಿ ಮರ್ಚಂಡೈಸರ್ ಕೆಲಸ, ಸಂಜೆ ಮತ್ತು ರಜಾದಿನಗಳಲ್ಲಿ ಆಟದ ವಿವರಣೆ. ಈ ಎರಡನೆಯ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂದು ಬಹಳ ದಿನಗಳಿಂದ ಆಸೆಯಿತ್ತು. ಕಾಲೇಜು ಆಟಕ್ಕೆ ದನಿ ಕೊಡುವವರು ಕರ್ನಾಟಕದಲ್ಲೂ ಬೇಕು. ಆ ಕೆಲಸದ ಒಳಹೊರಗು ತಿಳಿದರೆ ಬರುವ ಮಕ್ಕಳೂ ಇದ್ದಾರೆ.

ಮೈಕು ಎರಡು, ಕೆಲಸವೂ ಎರಡು

ಮೈದಾನದಲ್ಲಿ ಕೂತು ಧ್ವನಿವರ್ಧಕದಲ್ಲಿ ಹೇಳುವವರು ಉದ್ಘೋಷಕರು. ರೇಡಿಯೊದಲ್ಲಿ ಹೇಳುವವರು ವೀಕ್ಷಕ ವಿವರಣೆಗಾರರು. ನಮ್ಮ ಕಡೆ ಒಬ್ಬರೇ ಎರಡನ್ನೂ ಮಾಡುವುದರಿಂದ ಹೊರಗಿನವರಿಗೆ ಎರಡೂ ಒಂದೇ ಎನ್ನಿಸುತ್ತದೆ. ಕೇಳುವವರು ಬೇರೆಯಾದ ಕಾರಣ ಮಾತೂ ಬೇರೆಯಾಗಬೇಕು.

ಮೈದಾನದ ಮೈಕಿನ ಎದುರಿಗೆ ಇರುವವರು ಆಟವನ್ನು ನೋಡುತ್ತಿದ್ದಾರೆ. ಅವರಿಗೆ ಚೆಂಡು ಎಲ್ಲಿದೆ ಎಂದು ಹೇಳಬೇಕಾಗಿಲ್ಲ. ಯಾರ ಮೇಲೆ ಫೌಲ್, ಅದು ಎಷ್ಟನೆಯದು, ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು, ಟೈಮ್‌ಔಟ್ ಯಾರದು ಎಂದು ಅಂಪೈರ್ ಕೈ ಮಾಡಿದ ಮೇಲೆ ಹೇಳಿದರೆ ಸಾಕು. ಎರಡೂ ತಂಡಕ್ಕೆ ಒಂದೇ ದನಿ. ಚೆಂಡು ಆಟದಲ್ಲಿರುವಾಗ ಬಾಯಿ ಮುಚ್ಚಿರಬೇಕು.

ರೇಡಿಯೊದಲ್ಲಿ ಇದೆಲ್ಲ ತಲೆಕೆಳಗು. ಕೇಳುವವರಿಗೆ ಕಾಣಿಸುವುದು ನಾವು ಹೇಳಿದ್ದಷ್ಟೇ. ಚೆಂಡು ಆಟದಲ್ಲಿರುವಾಗಲೇ ಬಾಯಿ ತೆರೆಯಬೇಕು. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ಪಂದ್ಯಾವಳಿ ನಡೆಸುವವರು ಒಂದು ಮೊಬೈಲನ್ನು ಕಂಬಕ್ಕೆ ಕಟ್ಟಿ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಬಿಡುತ್ತಾರೆ. ಅಲ್ಲಿ ಚಿತ್ರ ಇರುತ್ತದೆ, ಆದರೆ ಜರ್ಸಿಯ ನಂಬರ್ ಕಾಣುವುದಿಲ್ಲ. ಆದ್ದರಿಂದ ಅಲ್ಲಿಯೂ ರೇಡಿಯೊದ ಪಾಠವೇ ಕೆಲಸಕ್ಕೆ ಬರುತ್ತದೆ.

ಕಾಣದವರಿಗೆ ಅಂಗಳದ ನಕ್ಷೆ

1927ರ ಜನವರಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ರಗ್ಬಿ ಪಂದ್ಯವನ್ನು ಬಿಬಿಸಿ ಮೊದಲ ಬಾರಿಗೆ ರೇಡಿಯೊದಲ್ಲಿ ನೇರವಾಗಿ ವಿವರಿಸಿತು. ವಿವರಿಸಿದವರು ಟೆಡ್ಡಿ ವೇಕಲಂ. ಕೇಳುಗರಿಗೆ ಆಟ ಹಿಡಿಸಲೆಂದು ಮೈದಾನವನ್ನು ಚೌಕಗಳಾಗಿ ಕತ್ತರಿಸಿ, ಚೌಕಕ್ಕೊಂದು ನಂಬರ್ ಕೊಟ್ಟ ನಕ್ಷೆಯನ್ನು ರೇಡಿಯೊ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದರು. ಚೆಂಡು ಇರುವ ಚೌಕದ ನಂಬರನ್ನು ಇನ್ನೊಬ್ಬರು ಹೇಳುತ್ತಿದ್ದರು. ಇವತ್ತು ನಾವು ನಕ್ಷೆ ಅಚ್ಚು ಹಾಕುವುದಿಲ್ಲ. ಆಟ ಶುರುವಾಗುವ ಮೊದಲ ಒಂದು ನಿಮಿಷದಲ್ಲಿ ಮಾತಿನಿಂದಲೇ ಬರೆದುಕೊಡುತ್ತೇವೆ.

ಬ್ಯಾಸ್ಕೆಟ್‌ಬಾಲ್ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಬುಟ್ಟಿಯಿಂದ 6.75 ಮೀಟರ್ ದೂರದಲ್ಲಿ ಕಮಾನಿನಂತೆ ಬಾಗಿದ ಗೆರೆ, ಅದರ ಹೊರಗಿಂದ ಹಾಕಿದರೆ ಮೂರು ಪಾಯಿಂಟ್. ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಲೇಬೇಕು. ಕೇಳುಗರಿಗೆ ಇದಿಷ್ಟು ತಿಳಿದಿದ್ದರೆ ಉಳಿದದ್ದು ದಿಕ್ಕಿನ ಮಾತು. ಭಾರತಿಯಾರ್ ವಿಶ್ವವಿದ್ಯಾಲಯದಂಥ ಜಾಗದಲ್ಲಿ ನಿಂತರೆ ಪಶ್ಚಿಮಕ್ಕೆ ಮರುದಮಲೈ ಬೆಟ್ಟ. ಹಾಗಾಗಿ ಒಂದು ಬುಟ್ಟಿ ‘ಬೆಟ್ಟದ ಕಡೆಯದು’, ಇನ್ನೊಂದು ‘ಊರ ಕಡೆಯದು’. ಎಡ, ಬಲ ಎಂದರೆ ಕೇಳುವವರಿಗೆ ಯಾರ ಎಡ, ಯಾರ ಬಲ ಎಂಬ ಗೊಂದಲ. ಬೆಟ್ಟ ಎಂದರೆ ಕೊಯಮತ್ತೂರಿನವರಿಗೆ ಅಂಗಳ ಥಟ್ಟನೆ ಕಣ್ಣಿಗೆ ಕಟ್ಟುತ್ತದೆ.

ನಾನು ಮೈಕಿನಲ್ಲಿ ಹೇಳುವುದು ತಮಿಳಿನಲ್ಲಿ. ಕನ್ನಡದಲ್ಲಿ ಹೇಳಿದರೆ ಹೀಗಿರುತ್ತದೆ: “ಚೆಂಡು ಏಳನೇ ನಂಬರಿನವಳ ಕೈಯಲ್ಲಿ. ಮಧ್ಯದ ಗೆರೆ ದಾಟಿದಳು. ಬೆಟ್ಟದ ಕಡೆಯ ಬುಟ್ಟಿಗೆ ಮುಖ. ಮೂಲೆಗೆ ಪಾಸ್, ಅಲ್ಲಿ ಹನ್ನೊಂದು. ಮೂರು ಪಾಯಿಂಟಿನ ಗೆರೆಯ ಹೊರಗೇ ಇದ್ದಾಳೆ. ಎಸೆದಳು! ರಿಂಗಿಗೆ ಬಡಿಯಿತು, ಆಚೆ ಬಂತು. ರೀಬೌಂಡ್ ಒಂಬತ್ತನೇ ನಂಬರಿಗೆ, ಅಲ್ಲಿಂದಲೇ ಎತ್ತಿ ಹಾಕಿದಳು, ಒಳಗೆ! 42–40. ಕೊನೆಯ ಕ್ವಾರ್ಟರ್, ಮೂರು ನಿಮಿಷ ಬಾಕಿ.”

ಇಲ್ಲಿ ಒಂದು ಕ್ರಮ ಇದೆ. ಚೆಂಡು ಎಲ್ಲಿದೆ, ಯಾರ ಕೈಯಲ್ಲಿದೆ, ಏನಾಯಿತು, ಸ್ಕೋರ್ ಎಷ್ಟು, ಸಮಯ ಎಷ್ಟು. ಹೊಸಬರು ಮೊದಲು ಮರೆಯುವುದು ಕೊನೆಯ ಎರಡನ್ನು. ರೇಡಿಯೊ ಕೇಳುವವರು ಪಂದ್ಯದ ಉದ್ದಕ್ಕೂ ಕೂತಿರುವುದಿಲ್ಲ. ನೂಲು ತರಲು ಹೋಗಿ ಬಂದಿರುತ್ತಾರೆ, ಬಂಡಲ್ ಕಟ್ಟಲು ಎದ್ದಿರುತ್ತಾರೆ. ಬಂದು ಕೂತ ಕೂಡಲೇ ಅವರಿಗೆ ಬೇಕಾದದ್ದು ಸ್ಕೋರ್. ಅಮೆರಿಕದ ಬೇಸ್‌ಬಾಲ್ ವಿವರಣೆಗಾರ ರೆಡ್ ಬಾರ್ಬರ್ ಮೇಜಿನ ಮೇಲೆ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಂಡಿರುತ್ತಿದ್ದರು. ಮರಳು ಇಳಿದು ಮುಗಿದಾಗಲೆಲ್ಲ ಸ್ಕೋರ್ ಹೇಳಿ ಗಡಿಯಾರ ತಿರುಗಿಸುವುದು ಅವರ ಪದ್ಧತಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೂರು ನಿಮಿಷ ಬಹಳ ದೀರ್ಘ. ಚೆಂಡು ಒಳಗೆ ಬಿದ್ದಾಗಲೆಲ್ಲ ಸ್ಕೋರ್ ಹೇಳಬೇಕು.

ಕಬಡ್ಡಿಯ ನಡೆ ಬೇರೆ. ಒಂದು ದಾಳಿಗೆ 30 ಸೆಕೆಂಡ್. ದಾಳಿಗಾರ ಗೆರೆ ದಾಟುವಾಗ ಎದುರಿಗೆ ಎಷ್ಟು ಜನ ಇದ್ದಾರೆ ಎಂದು ಮೊದಲೇ ಹೇಳಬೇಕು. ಆರು ಅಥವಾ ಏಳು ಜನ ಇದ್ದರೆ ಬೋನಸ್ ಗೆರೆಯ ಆಸೆ, ಮೂರೇ ಜನ ಉಳಿದಿದ್ದರೆ ಹಿಡಿದವರಿಗೆ ಹೆಚ್ಚಿನ ಪಾಯಿಂಟ್. ಈ ಲೆಕ್ಕ ಗೊತ್ತಿದ್ದರೆ ಮಾತ್ರ ಕೇಳುವವರ ಎದೆ ಬಡಿದುಕೊಳ್ಳುತ್ತದೆ. ಕಬಡ್ಡಿಯಲ್ಲಿ ನಾನು ದಾಳಿಯ ಕೊನೆಯ ಸೆಕೆಂಡುಗಳಿಗೆ ಮಾತನ್ನು ಉಳಿಸಿಕೊಳ್ಳುತ್ತೇನೆ. ಮೊದಲ ಹತ್ತು ಸೆಕೆಂಡ್ ದಾಳಿಗಾರನ ಕಾಲಿನ ಚಲನೆಗಷ್ಟೇ ಮೀಸಲು.

ಹೆಸರನ್ನು ಸರಿಯಾಗಿ ಹೇಳುವುದು

ಪಂದ್ಯಕ್ಕೆ ಒಂದು ಗಂಟೆ ಮೊದಲು ಹೋಗುತ್ತೇನೆ. ಎರಡೂ ತಂಡದ ಪಟ್ಟಿ ತೆಗೆದುಕೊಂಡು ಒಂದು ದಪ್ಪ ಹಾಳೆಯಲ್ಲಿ ನಂಬರ್, ಹೆಸರು, ಊರು, ಎತ್ತರ, ಯಾವ ಜಾಗದಲ್ಲಿ ಆಡುತ್ತಾರೆ ಎಂದು ಬರೆದುಕೊಳ್ಳುತ್ತೇನೆ. ಹಿಂದೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ನಿಯಮದಂತೆ ಜರ್ಸಿಯ ನಂಬರ್ 4ರಿಂದ 15ರವರೆಗೆ ಇರುತ್ತಿತ್ತು, ನೆನಪಿಟ್ಟುಕೊಳ್ಳಲು ಸುಲಭ. ಈಗ 99ರವರೆಗೆ ಯಾವ ನಂಬರಾದರೂ ಬರಬಹುದು. ಅದಕ್ಕೇ ಹಾಳೆ ಬೇಕು.

ಆಮೇಲೆ ಪ್ರತಿಯೊಬ್ಬ ಆಟಗಾರರ ಹತ್ತಿರ ಹೋಗಿ, “ನಿಮ್ಮ ಹೆಸರನ್ನು ಮನೆಯಲ್ಲಿ ಹೇಗೆ ಕರೆಯುತ್ತಾರೆ, ಒಂದು ಸಲ ಹೇಳಿ” ಎಂದು ಕೇಳುತ್ತೇನೆ. ಕೊಯಮತ್ತೂರಿಗೆ ದೇಶದ ಎಲ್ಲ ಮೂಲೆಗಳಿಂದ ತಂಡಗಳು ಬರುತ್ತವೆ. ಪಿಎಸ್‌ಜಿ ಟ್ರೋಫಿ ಮತ್ತು ನಾಚಿಮುತ್ತು ಗೌಂಡರ್ ಟ್ರೋಫಿ ಅಖಿಲ ಭಾರತ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗಳಿಂದಾಗಿ ಇಲ್ಲಿನ ಜನಕ್ಕೆ ರೈಲ್ವೆ, ಸೇನೆ, ಬ್ಯಾಂಕ್ ತಂಡಗಳ ಆಟ ಬಹಳ ವರ್ಷಗಳ ಪರಿಚಯ. ಪಂಜಾಬಿನ ಹೆಸರು, ಮಣಿಪುರದ ಹೆಸರು, ಕೇರಳದ ಹೆಸರು, ನಮ್ಮ ಕಡೆಯ ಇನಿಷಿಯಲ್ ಹೊತ್ತ ಹೆಸರು, ಎಲ್ಲವೂ ನಾಲಿಗೆಗೆ ಒಗ್ಗಬೇಕು. ಒಂದೇ ತಂಡದಲ್ಲಿ ಇಬ್ಬರು ದಿವ್ಯಾ ಇದ್ದರೆ ‘ಎಂ. ದಿವ್ಯಾ’, ‘ಕೆ. ದಿವ್ಯಾ’ ಎಂದು ಪ್ರತಿ ಸಲವೂ ಪೂರ್ತಿ ಹೇಳಬೇಕು.

ಇದು ಶಿಷ್ಟಾಚಾರದ ಮಾತಲ್ಲ. ಒಬ್ಬ ಹುಡುಗಿ ಉಡುಮಲಪೇಟೆಯ ಹತ್ತಿರದ ಹಳ್ಳಿಯಿಂದ ಬಂದು ಕಾಲೇಜು ತಂಡ ಸೇರಿದ್ದಾಳೆ. ಅವಳ ಅಮ್ಮ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ಬಟ್ಟೆಯ ದೋಷ ಹುಡುಕುತ್ತಿದ್ದಾರೆ. ಪಕ್ಕದಲ್ಲಿ ಮೊಬೈಲಿನ ರೇಡಿಯೊ ಹಾಡುತ್ತಿದೆ. ಆಗ ಮಗಳ ಹೆಸರು ಕೇಳಿದರೆ ಆ ಅಮ್ಮನಿಗೆ ಮಗಳು ದಿನಾ ಸಂಜೆ ಪ್ರಾಕ್ಟೀಸ್ ಎಂದು ಹೋಗುತ್ತಿದ್ದುದು ಯಾತಕ್ಕೆ ಎಂದು ತಿಳಿಯುತ್ತದೆ. ಪಕ್ಕದ ಟೇಬಲ್ಲಿನವರಿಗೂ ತಿಳಿಯುತ್ತದೆ. ಮದುವೆಯ ಮಾತು ಬಂದಾಗ ಆಟ ಬಿಡಿಸುವ ಮನೆಗಳಲ್ಲಿ ಒಂದು ವರ್ಷ ತಡೆದು ನೋಡೋಣ ಎಂಬ ಮಾತು ಬರಲು ಇಷ್ಟು ಸಾಕಾದದ್ದನ್ನು ನಾನು ಕಂಡಿದ್ದೇನೆ.

ಗಾಳಿ, ಗದ್ದಲ, ಮೌನ

ನಮ್ಮ ಸೀಮೆಯಲ್ಲಿ ಬಯಲಿನಲ್ಲಿ ಮೈಕು ಹಿಡಿಯುವವರಿಗೆ ಮೊದಲ ಎದುರಾಳಿ ಗಾಳಿ. ಪಶ್ಚಿಮಘಟ್ಟದ ಸಾಲು ಪಾಲಕ್ಕಾಡಿನ ಹತ್ತಿರ ಬಾಗಿಲು ತೆರೆದಂತೆ ಬಿಟ್ಟುಕೊಟ್ಟಿದೆ. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಗಾಳಿ ಅದರ ಮೂಲಕ ನುಗ್ಗಿ ಪೊಳ್ಳಾಚಿ, ಉಡುಮಲಪೇಟೆ, ಪಲ್ಲಡಂ ಮೇಲೆ ಬೀಸುತ್ತದೆ. ಅಲ್ಲೆಲ್ಲ ಗಾಳಿಯಂತ್ರಗಳ ಸಾಲು ಎದ್ದಿರುವುದು ಇದೇ ಕಾರಣಕ್ಕೆ. ಬಾಲ್ ಬ್ಯಾಡ್ಮಿಂಟನ್‌ನ ಉಣ್ಣೆಯ ಚೆಂಡು ಈ ಗಾಳಿಗೆ ದಾರಿ ಬದಲಿಸುತ್ತದೆ. ಆಡುವವರು ಅದನ್ನು ಲೆಕ್ಕ ಹಾಕಿ ಹೊಡೆಯುತ್ತಾರೆ, ಹೇಳುವವರೂ ಅದನ್ನು ಗಮನಿಸಿ ಹೇಳಬೇಕು. ಇತ್ತ ಮೈಕಿನೊಳಗೆ ಗಾಳಿ ಹೊಕ್ಕರೆ ಗುಡುಗಿದ ಸದ್ದು. ಅದಕ್ಕೆ ಸ್ಪಂಜಿನ ಟೊಪ್ಪಿಗೆ ಹಾಕಿ, ಗಾಳಿಗೆ ಬೆನ್ನು ಕೊಟ್ಟು ಕೂರುವುದು ಮೊದಲ ಪಾಠ.

ಗದ್ದಲ ಎರಡನೆಯದು. ಬಿಬಿಸಿಯವರು 1930ರ ದಶಕದಲ್ಲಿ ಮೇಲ್ದುಟಿಗೆ ಒತ್ತಿ ಹಿಡಿಯುವ ಒಂದು ಮೈಕನ್ನು ರೂಪಿಸಿದರು. ಬಾಯಿ ಯಾವಾಗಲೂ ಒಂದೇ ದೂರದಲ್ಲಿರುವುದರಿಂದ ಸುತ್ತಲಿನ ಸದ್ದು ಹಿಂದೆ ಸರಿಯುತ್ತದೆ, ಮಾತು ಮುಂದೆ ಬರುತ್ತದೆ. ಆ ಬಗೆಯ ಮೈಕು ಇಂದಿಗೂ ಬಳಕೆಯಲ್ಲಿದೆ. ನಮ್ಮ ಕಾಲೇಜುಗಳಲ್ಲಿ ಇರುವುದು ಸಾಧಾರಣ ಕೈಮೈಕು. ಆದರೆ ತತ್ವ ಒಂದೇ: ಮೈಕು ಹತ್ತಿರ ಇರಲಿ, ದನಿ ತಗ್ಗಿರಲಿ. ಮೊದಲ ಕ್ವಾರ್ಟರಿನಲ್ಲೇ ಕೂಗಿದರೆ ಕೊನೆಯ ನಿಮಿಷಕ್ಕೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ.

ಮೂರನೆಯದು ಮೌನ. 1974ರ ಏಪ್ರಿಲ್‌ನಲ್ಲಿ ಹ್ಯಾಂಕ್ ಆರನ್ ಎಂಬ ಕಪ್ಪು ಆಟಗಾರ ಬೇಸ್‌ಬಾಲ್‌ನ ಮಹಾದಾಖಲೆ ಮುರಿದಾಗ ವಿನ್ ಸ್ಕಲಿ ಎಂಬ ವಿವರಣೆಗಾರ ಚೆಂಡು ಬೇಲಿ ದಾಟಿತು ಎಂದಷ್ಟೇ ಹೇಳಿ ಸುಮ್ಮನಾದರು. ಜನರ ಸಂಭ್ರಮದ ಸದ್ದು ರೇಡಿಯೊ ತುಂಬಿತು. ಆಮೇಲೆ ಮಾತು ಶುರುಮಾಡಿದರು. ತಮ್ಮ ಮಾತಿಗಿಂತ ದೊಡ್ಡದು ಅಂಗಳದಲ್ಲಿ ನಡೆದಿದೆ ಎಂದು ಗುರುತಿಸಿ ಜಾಗ ಬಿಡುವುದು ಈ ಕೆಲಸದ ಅತ್ಯಂತ ಕಷ್ಟದ ಭಾಗ. ಫೈನಲ್‌ನ ಸೀಟಿ ಊದಿದಾಗ ನಾನೂ ಗೆದ್ದ ತಂಡದ ಹೆಸರು, ಸ್ಕೋರ್ ಹೇಳಿ ಮೈಕನ್ನು ಅಂಗಳದ ಕಡೆ ತಿರುಗಿಸುತ್ತೇನೆ.

ಆಟದಿಂದ ಬಂದ ಹಕ್ಕು

ಕಾಲೇಜಿಗೂ ರೇಡಿಯೊಗೂ ಹಳೆಯ ನಂಟು. ಆ ನಂಟಿನ ಒಂದು ಬೇರು ಮೈಸೂರಿನಲ್ಲಿದೆ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಿಂದ ರೇಡಿಯೊ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಮುಂದೆ ಅದೇ ಇಡೀ ದೇಶದ ರೇಡಿಯೊದ ಹೆಸರಾಯಿತು. ಮೈಸೂರಿನ ಆ ಪ್ರಸಾರಕ್ಕೆ ಒಂದು ವರ್ಷ ಮೊದಲು, 1934ರಲ್ಲಿ, ಮುಂಬೈಯಲ್ಲಿ ಎ.ಎಫ್.ಎಸ್. ತಲ್ಯಾರ್‌ಖಾನ್ ಅವರು ಪಾರ್ಸಿ ಮತ್ತು ಮುಸ್ಲಿಂ ತಂಡಗಳ ಕ್ರಿಕೆಟ್ ಪಂದ್ಯಕ್ಕೆ ವಿವರಣೆ ನೀಡಿದ್ದರು. ಇಡೀ ದಿನ ಒಬ್ಬರೇ ಮಾತಾಡುವುದು ಅವರ ಹಟ. 1975ರಲ್ಲಿ ಭಾರತ ಹಾಕಿ ವಿಶ್ವಕಪ್ ಗೆದ್ದಾಗ ದೇಶ ಅದನ್ನು ಕೇಳಿಸಿಕೊಂಡದ್ದು ಜಸದೇವ್ ಸಿಂಗ್ ಅವರ ಹಿಂದಿ ದನಿಯಲ್ಲಿ.

ಸ್ವಾತಂತ್ರ್ಯಾನಂತರ ರೇಡಿಯೊ ಸರ್ಕಾರದ ಕೈಯಲ್ಲೇ ಉಳಿಯಿತು. ಆ ಹಿಡಿತವನ್ನು ಸಡಿಲಿಸಿದ್ದು ಒಂದು ಕ್ರಿಕೆಟ್ ಜಗಳ. 1993ರ ಹೀರೊ ಕಪ್ ಪಂದ್ಯಗಳ ಪ್ರಸಾರದ ವಿಷಯದಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿತು. 1995ರ ಫೆಬ್ರುವರಿಯಲ್ಲಿ ಬಂದ ತೀರ್ಪು, ಪ್ರಸಾರದ ಅಲೆಗಳು ಸಾರ್ವಜನಿಕ ಸೊತ್ತು ಎಂದು ಸಾರಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಕಾರ್ಯಕರ್ತರು ಸಮುದಾಯ ರೇಡಿಯೊ ಬೇಕೆಂದು ‘ಬೆಂಗಳೂರು ಘೋಷಣೆ’ ಹೊರಡಿಸಿದರು. ಪರವಾನಗಿ ಸಿಗದ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಬಳಗ ಕೇಬಲ್ ಎಳೆದು ಮನೆಮನೆಗೆ ದನಿ ತಲುಪಿಸಿತು. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ಅನುಮತಿ ಸಿಕ್ಕಿತು. 2004ರ ಫೆಬ್ರುವರಿ 1ರಂದು ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್‌ಎಂ ದೇಶದ ಮೊದಲ ಕ್ಯಾಂಪಸ್ ಸಮುದಾಯ ರೇಡಿಯೊ ಆಗಿ ಮಾತಾಡಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಇಂದು ದೇಶದಲ್ಲಿ ಇಂಥ ನಿಲಯಗಳು ಐನೂರು ಮೀರಿವೆ. ಕೊಯಮತ್ತೂರಿನ ಪಿಎಸ್‌ಜಿ, ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್, ಎರಡೂ 107.8 ಮೆಗಾಹರ್ಟ್ಸ್‌ನಲ್ಲಿ ಕೇಳಿಸುತ್ತವೆ. ಒಂದು ಆಟದ ಪ್ರಸಾರದ ಹಕ್ಕಿಗಾಗಿ ನಡೆದ ವಾದ ಹೀಗೆ ನನ್ನಂಥವರ ಕೈಗೆ ಮೈಕು ಕೊಟ್ಟಿತು ಎಂದು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಸಮುದಾಯ ರೇಡಿಯೊ ಚಿಕ್ಕದು. 100 ವ್ಯಾಟ್ ಪರಿಣಾಮಕಾರಿ ಶಕ್ತಿ, 30 ಮೀಟರ್ ಮೀರದ ಕಂಬ, ಸುತ್ತ ಸುಮಾರು ಹತ್ತು ಕಿಲೋಮೀಟರ್ ದೂರದವರೆಗಿನ ಕೇಳುಗರು. ಕಾರ್ಯಕ್ರಮದಲ್ಲಿ ಅರ್ಧವಾದರೂ ಸ್ಥಳೀಯವಾಗಿ ತಯಾರಾಗಬೇಕು. ರಾಜಕೀಯ ಸುದ್ದಿ ಹೇಳುವಂತಿಲ್ಲ. ದೊಡ್ಡ ಪಂದ್ಯಗಳ ಪ್ರಸಾರದ ಹಕ್ಕು ದೊಡ್ಡವರ ಕೈಯಲ್ಲಿರುತ್ತದೆ. ಖಾಸಗಿ ಎಫ್‌ಎಂಗಳಿಗೆ 2011ರ ನೀತಿ ಸ್ಥಳೀಯ ಕ್ರೀಡೆಗಳ ನೇರ ವಿವರಣೆಗೆ ಅವಕಾಶ ಕೊಟ್ಟಿದೆ. ಕಾಲೇಜು ಆಟಕ್ಕಿಂತ ಸ್ಥಳೀಯವಾದದ್ದು ಯಾವುದಿದೆ? ಇಷ್ಟೆಲ್ಲ ದಾರಿ ಇದ್ದೂ ಹೆಚ್ಚಿನ ಕ್ಯಾಂಪಸ್ ನಿಲಯಗಳು ಹಾಡು, ಆರೋಗ್ಯ ಸಲಹೆ, ಉಪನ್ಯಾಸಗಳಿಗೆ ನಿಂತುಬಿಟ್ಟಿವೆ. ಅಂಗಳದಿಂದ ಸ್ಟುಡಿಯೊಗೆ ದನಿ ಕಳಿಸಲು ಈಗ ಒಂದು ಒಳ್ಳೆಯ ಮೊಬೈಲ್, ಇಯರ್‌ಫೋನ್ ಮತ್ತು ಮೈಕು ಸಾಕು. ಕೊರತೆ ಇರುವುದು ಅಭ್ಯಾಸದ್ದು.

ಇದು ಹೊಟ್ಟೆ ತುಂಬಿಸುವ ಕೆಲಸವೇ?

ತಂದೆತಾಯಂದಿರು ಮೊದಲು ಕೇಳುವುದು ಇದನ್ನೇ. ಅದು ನ್ಯಾಯವಾದ ಪ್ರಶ್ನೆ.

ಅಮೆರಿಕದಲ್ಲಿ ಉತ್ತರ ಸುಲಭ. 1921ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಕೆಡಿಕೆಎ ನಿಲಯ ಪಿಟ್ಸ್‌ಬರ್ಗ್ ಮತ್ತು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯವನ್ನು ಪ್ರಸಾರ ಮಾಡಿತು. ಅಲ್ಲಿಂದ ಮುಂದೆ ದೊಡ್ಡ ವಿಶ್ವವಿದ್ಯಾಲಯಗಳಿಗೆ ತಮ್ಮದೇ ರೇಡಿಯೊ ಜಾಲ, ತಮ್ಮದೇ ಸಂಬಳದ ವಿವರಣೆಗಾರರು. ಕೆಂಟಕಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್‌ಗೆ ಕಾವುಡ್ ಲೆಡ್‌ಫರ್ಡ್ ಸುಮಾರು ನಾಲ್ಕು ದಶಕ ದನಿಯಾಗಿದ್ದರು. ವಿನ್ ಸ್ಕಲಿ ಶುರುಮಾಡಿದ್ದು ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರೇಡಿಯೊದಲ್ಲಿ. ಅಲ್ಲಿಂದ ಹೋಗಿ 1950ರಿಂದ 2016ರವರೆಗೆ, 67 ಋತುಗಳ ಕಾಲ, ಡಾಜರ್ಸ್ ಬೇಸ್‌ಬಾಲ್ ತಂಡದ ಆಟವನ್ನು ವಿವರಿಸಿದರು.

ಭಾರತದಲ್ಲಿ ಕಾಲೇಜು ಆಟದ ವಿವರಣೆಗೆ ಸಂಬಳದ ಹುದ್ದೆ ಇಲ್ಲ. ಆದ್ದರಿಂದ ಇಲ್ಲಿ ಇದನ್ನು ತುಂಡು ತುಂಡಾಗಿ ಜೋಡಿಸಿಕೊಳ್ಳಬೇಕು. ಮೊದಲ ತುಂಡು ಕ್ಯಾಂಪಸ್ ರೇಡಿಯೊ. ಅಲ್ಲಿ ಸಿಗುವುದು ಕಲಿಕೆ. ಎರಡನೆಯದು ಆಕಾಶವಾಣಿ. ಧ್ವನಿಪರೀಕ್ಷೆ ಪಾಸಾಗಿ ತರಬೇತಿ ಪಡೆದವರಿಗೆ ತಾತ್ಕಾಲಿಕ ಉದ್ಘೋಷಕರಾಗಿ ತಿಂಗಳಿಗೆ ಕೆಲವೇ ಪಾಳಿಗಳು ಸಿಗುತ್ತವೆ. ಕ್ರೀಡಾ ವಿವರಣೆಗೆ ಪ್ರತ್ಯೇಕ ಆಯ್ಕೆ ಇರುತ್ತದೆ. ಮೂರನೆಯದು ಪಂದ್ಯಾವಳಿಯ ಮೈಕು: ಜಿಲ್ಲಾ ಸಂಘಗಳು, ಕಾಲೇಜುಗಳು, ಗಿರಣಿ ಮತ್ತು ಪಂಪು ಕಂಪನಿಗಳ ಟ್ರೋಫಿಗಳು. ಇಲ್ಲಿ ದಿನಗೂಲಿಯ ಲೆಕ್ಕ. 2024ರಲ್ಲಿ ಖೇಲೊ ಇಂಡಿಯಾ ಯುವ ಕ್ರೀಡಾಕೂಟ ತಮಿಳುನಾಡಿಗೆ ಬಂದಾಗ ಕೊಯಮತ್ತೂರಿನಲ್ಲೂ ಸ್ಪರ್ಧೆಗಳು ನಡೆದವು. ಇಂಥ ಕೂಟಗಳಿಗೆ ಊರಿನ ದನಿ ಬೇಕಾಗುತ್ತದೆ. ನಾಲ್ಕನೆಯದು ಟಿ.ವಿ. ಮತ್ತು ಮೊಬೈಲ್. 2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು. 2018ರಿಂದ ಐಪಿಎಲ್ ಕನ್ನಡದಲ್ಲೂ ಬರುತ್ತಿದೆ. ಹಳೆಯ ಆಟಗಾರರ ಪಕ್ಕದಲ್ಲಿ ಕೂತು ಚೆಂಡುಚೆಂಡಿಗೂ ಹೇಳುವ, ದನಿ ಪಳಗಿದ ವೃತ್ತಿಪರರೂ ಅಲ್ಲಿ ಇರುತ್ತಾರೆ. ಆ ಕುರ್ಚಿಗೆ ಹೋಗುವ ದಾರಿ ಸಣ್ಣ ಅಂಗಳಗಳ ಮೂಲಕವೇ.

ನನ್ನ ಸಲಹೆ ಇಷ್ಟು: ಹಗಲಿನ ಒಂದು ಕೆಲಸ ಇಟ್ಟುಕೊಳ್ಳಿ, ಈ ಕೆಲಸವನ್ನು ಅಷ್ಟೇ ಗಂಭೀರವಾಗಿ ಮಾಡಿ. ಮರ್ಚಂಡೈಸರ್ ಕೆಲಸ ನನಗೆ ಅಡ್ಡಿಯಾಗಿಲ್ಲ. ಗಡುವು, ಪಟ್ಟಿ, ನಂಬರ್, ತಾಳ್ಮೆ, ಎಲ್ಲವೂ ಎರಡೂ ಕಡೆ ಬೇಕಾದವೇ.

ಹೆಣ್ಣು ದನಿ

“ಗಂಡಸರ ಕಬಡ್ಡಿಗೆ ಹೆಂಗಸಿನ ವಿವರಣೆಯಾ?” ಎಂದು ಕೇಳಿದವರುಂಟು. ಅವರಿಗೆ ನಾನು ಚಂದ್ರಾ ನಾಯುಡು ಅವರ ವಿಷಯ ಹೇಳುತ್ತೇನೆ. ಭಾರತದ ಮೊದಲ ಟೆಸ್ಟ್ ನಾಯಕ ಸಿ.ಕೆ. ನಾಯುಡು ಅವರ ಮಗಳು. 1977ರಲ್ಲಿ ಇಂದೋರಿನಲ್ಲಿ ಇಂಗ್ಲೆಂಡಿನ ಎಂಸಿಸಿ ತಂಡ ಆಡಿದಾಗ ವಿವರಣೆ ನೀಡಿ, ದೇಶದ ಮೊದಲ ಮಹಿಳಾ ಕ್ರಿಕೆಟ್ ವಿವರಣೆಗಾರರಲ್ಲಿ ಒಬ್ಬರಾದರು. ಜೀವನೋಪಾಯಕ್ಕೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಸರ್ಕಾರಿ ಹೆಣ್ಣುಮಕ್ಕಳ ಕಾಲೇಜಿನ ಪ್ರಾಂಶುಪಾಲರಾಗಿ ನಿವೃತ್ತರಾದರು. 2021ರಲ್ಲಿ ತೀರಿಕೊಂಡರು. ಹಗಲಿಗೊಂದು ಕೆಲಸ, ಆಟಕ್ಕೊಂದು ದನಿ ಎಂಬ ಬದುಕನ್ನು ಅವರು ನಮಗಿಂತ ಮೊದಲೇ ಬದುಕಿ ತೋರಿಸಿದ್ದಾರೆ. ಈಗ ನಮ್ಮ ಅಂಗಳಗಳಲ್ಲಿ ಹುಡುಗಿಯರು, “ಅಕ್ಕಾ, ಮುಂದಿನ ಪಂದ್ಯಕ್ಕೆ ಸ್ಕೋರ್ ಹಾಳೆ ನಾನು ಬರೀಲಾ?” ಎಂದು ಕೇಳಿಕೊಂಡು ಬರುತ್ತಾರೆ. ನಾನು ಶುರುಮಾಡಿದ್ದೂ ಅದೇ ಮೇಜಿನಿಂದ. ಯಾರನ್ನೂ ಇಲ್ಲ ಎನ್ನುವುದಿಲ್ಲ.

ಹದಿಮೂರನೆಯ ಹೆಸರು

ಅವಿನಾಶಿಯ ಕಡೆಯ ಹಳ್ಳಿಯ ಧರುಣ್ ಅಯ್ಯಸಾಮಿ ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿ ಓದಿದ ಓಟಗಾರ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ 48.96 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದರು, ಆಗ ಅದು ರಾಷ್ಟ್ರೀಯ ದಾಖಲೆಯಾಗಿತ್ತು. ಆ ಓಟವನ್ನು ದೇಶ ನೋಡಿತು. ಅಂಥ ಓಟಗಾರರು ತಯಾರಾಗುವುದು ಅಂತರ ಕಾಲೇಜು, ಅಂತರ ವಿಶ್ವವಿದ್ಯಾಲಯ ಕೂಟಗಳ ಟ್ರ್ಯಾಕಿನಲ್ಲಿ. ಆ ಓಟಗಳನ್ನು ಊರಿಗೆ ಕೇಳಿಸುವವರು ಬೇಕು. ಪದಕ ಬಂದ ಮೇಲೆ ಹೂಹಾರ ಹಾಕುವುದು ಸುಲಭ. ಪದಕಕ್ಕೆ ಮೊದಲಿನ ವರ್ಷಗಳಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಬೆಳಗಿನ ಜಾವ ಎದ್ದು ಅಂಗಳಕ್ಕೆ ಹೋಗಲು ಬಲ ಬೇಕು. ಊರು ತನ್ನ ಹೆಸರು ಕೇಳಿದೆ ಎಂಬ ತಿಳಿವಳಿಕೆ ಅಂಥದೊಂದು ಬಲ.

ಅದಕ್ಕೆ ಕಾಲೇಜುಗಳು ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ದೈಹಿಕ ಶಿಕ್ಷಣ ವಿಭಾಗವೂ ಪತ್ರಿಕೋದ್ಯಮ ವಿಭಾಗವೂ ಒಂದು ಮಧ್ಯಾಹ್ನ ಒಟ್ಟಿಗೆ ಕೂರಲಿ. ವರ್ಷದ ಪಂದ್ಯಗಳ ಪಟ್ಟಿ ರೇಡಿಯೊ ಕೋಣೆಯ ಗೋಡೆಗೂ ಅಂಟಲಿ. ವಿದ್ಯಾರ್ಥಿಗಳು ಮೊದಲು ಖಾಲಿ ಅಂಗಳದಲ್ಲಿ ಪ್ರಾಕ್ಟೀಸ್ ಪಂದ್ಯವನ್ನು ಮೊಬೈಲಿಗೆ ಹೇಳಿ ಅಭ್ಯಾಸ ಮಾಡಲಿ. ಆಮೇಲೆ ಕಣ್ಣು ಮುಚ್ಚಿ ಕೂತ ಒಬ್ಬ ಗೆಳೆಯನಿಗೆ ಅದನ್ನು ಕೇಳಿಸಿ, ಚೆಂಡು ಈಗ ಎಲ್ಲಿದೆ ಎಂದು ಪ್ರಶ್ನೆ ಹಾಕಲಿ. ಅವನು ಕೈ ತೋರಿಸಿದ ಕಡೆ ಚೆಂಡು ಇದ್ದರೆ ವಿವರಣೆ ಗೆದ್ದಂತೆ. ಕನ್ನಡ ಮೇಷ್ಟರು ಮಾತಿನ ಲಯ ತಿದ್ದಲಿ, ಪಿ.ಟಿ. ಮೇಷ್ಟರು ಆಟದ ನಿಯಮ ತಿದ್ದಲಿ. ರೆಕಾರ್ಡಿಂಗ್‌ಗಳನ್ನು ವರ್ಷವಾರು ಜೋಡಿಸಿ ಇಡಲಿ. ಮುಂದೊಂದು ದಿನ ಅದೇ ಕಾಲೇಜಿನ ಕ್ರೀಡಾ ಚರಿತ್ರೆ.

ಬ್ಯಾಸ್ಕೆಟ್‌ಬಾಲ್ ತಂಡದ ಪಟ್ಟಿಯಲ್ಲಿ ಹನ್ನೆರಡು ಹೆಸರು ಇರುತ್ತವೆ. ಮುಂದಿನ ಅಂತರ ಕಾಲೇಜು ಪಂದ್ಯಾವಳಿಗೆ ಹೊರಡುವಾಗ ಪ್ರತಿ ಕಾಲೇಜೂ ಹದಿಮೂರನೆಯ ಹೆಸರೊಂದನ್ನು ಬರೆಯಲಿ, ಆಟವನ್ನು ಊರಿಗೆ ಹೇಳುವವರ ಹೆಸರನ್ನು. ಅವರಿಗೂ ಬಸ್ಸಿನಲ್ಲಿ ಒಂದು ಸೀಟು, ಊಟದ ಒಂದು ಕೂಪನ್, ತಂಡದ ಒಂದು ಜರ್ಸಿ ಕೊಡಲಿ. ಜರ್ಸಿಯ ಹೊಣೆ ತಿರುಪ್ಪೂರಿನ ನಾವು ಹೊರುತ್ತೇವೆ.